ಶೆಟ್ಲಿ ಒಣಗಿಸುವ ನೆಲ

2002ರಲ್ಲಿ ಸುಚಿತಾ ಹೊನ್ನಾವರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ರಜೆಯ ದಿನ ತಾಯಿ ಈರಮ್ಮನ ಜೊತೆ ಕಡಲ ದಂಡೆಯ ಹೊಯಿಗೆಯ ಮೇಲೆ, ಬಿಸಿ ಮರಳಲ್ಲಿ, ಶೆಟ್ಲಿ ಹರಡಿ, ಆ ಸಣ್ಣ ಸೀಗಡಿ ಒಣಗುವ ತನಕ ಕಾಗೆ ಬಾರದಂತೆ ಕಾಯುವುದು ಅವಳ ಕೆಲಸ. ಜೊತೆಗೆ ಕೂತ ಹೆಂಗಸರಿಗೆ ಇತಿಹಾಸದ ಪಾಠ ಹೇಳುತ್ತಿದ್ದಳು. ಅವರಿಗೆ ಹಿಡಿಸಿದ್ದು ಇನ್ನೂರು ವರ್ಷದ ಹಿಂದಿನ ಒಬ್ಬ ಫ್ರೆಂಚ್ ಲೇಖಕಿಯ ಕತೆ. ಪಡಸಾಲೆಯಲ್ಲಿ ಜನರನ್ನು ಕೂರಿಸಿಕೊಂಡು ರಾಜ್ಯಭಾರದ ಮಾತಾಡಿದ್ದಕ್ಕೆ, ಬರೆದದ್ದಕ್ಕೆ, ನೆಪೋಲಿಯನ್ ಅವಳನ್ನು ಪ್ಯಾರಿಸ್ಸಿನಿಂದ ಹೊರಗಟ್ಟಿದ್ದ.

"ಅಷ್ಟ್ ದೊಡ್ಡ ರಾಜಂಗೆ ಹೆಂಗ್ಸಿನ ಬಾಯಿ ಕಂಡ್ರೆ ಹೆದ್ರಿಕೆನಾ?" ಎಂದಳು ಸುಕ್ರಿ.

"ನಮ್ಮನೆ ರಾಜಂಗೂ ಅಷ್ಟೆಯಾ," ಎಂದಳು ಕಮಲಿ. ಅವಳ ಗಂಡ ಬೊಮ್ಮಯ್ಯ ಕೇರಿಯ ಯಜಮಾನ. ಎಲ್ಲರೂ ನಕ್ಕರು.

ಆ ಮಾರ್ಚಿನಲ್ಲಿ ಬೊಮ್ಮಯ್ಯ ಅದೇ ಜಾಗದಲ್ಲಿ ದೋಣಿ ಶೆಡ್ ಕಟ್ಟಿಸಲು ಹೊರಟ. ಮೀನು ಹರಡಿದ ನೆಲಕ್ಕೆ ಗೂಟ ಹೊಡೆಯಬಾರದೆಂಬುದು ಕೇರಿಯ ರೂಢಿ. ಹಾಗಾಗಿ, ಹೆಂಗಸರು ಜಾಗ ಬಿಡಬೇಕೆಂದು ಕೂಟದಲ್ಲಿ ಹೇಳಿದ. ಕೂಟದಲ್ಲಿ ಹೆಂಗಸರು ಮಾತಾಡುವಂತಿಲ್ಲ, ಮನೆಯ ಗಂಡಸೇ ಹೇಳಬೇಕು. ಈರಮ್ಮನ ಮನೆಯಲ್ಲಿ ಗಂಡಸರಿಲ್ಲ. ಸುಚಿತಾ ಹಾಳೆಯೊಂದರಲ್ಲಿ ಬರೆದು ತಂದು ತಾನೇ ಓದಿದಳು: ಈ ನೆಲ ಹೋದರೆ ಮಳೆಗಾಲದಲ್ಲಿ ಮಾರಲು ನಮ್ಮ ಬುಟ್ಟಿಯಲ್ಲಿ ಏನೂ ಇರುವುದಿಲ್ಲ.

"ಕಾಯಿ ಇಟ್ಟು ತಪ್ಪಾತು ಅನ್ನು," ಎಂದ ಬೊಮ್ಮಯ್ಯ. ಯಜಮಾನನ ಜಗುಲಿಯಲ್ಲಿ ತೆಂಗಿನಕಾಯಿ ಇಟ್ಟು ತಪ್ಪೊಪ್ಪುವುದು ಕೇರಿಯ ಕಟ್ಟಳೆ.

"ಎಂತ ತಪ್ಪು ಹೇಳಿ ದೊಡ್ಡಪ್ಪ, ಇಡ್ತೆ."

ಅವನು ಕೂಟದ ಗಂಡಸರ ಕಡೆ ತಿರುಗಿದ. ಕಾಯಿ ಇಡುವ ತನಕ ಅವಳು ಹೊಯಿಗೆಗೆ ಕಾಲಿಡಕೂಡದೆಂದು ತೀರ್ಪಾಯಿತು.

ಮೂರನೆಯ ದಿನ ಸುಕ್ರಿ ಬುಟ್ಟಿ ಹೊತ್ತು ಈರಮ್ಮನ ಅಂಗಳಕ್ಕೆ ಬಂದಳು. "ನೀ ಇಲ್ದೆ ಅಲ್ಲಿ ಕಾಗೆ ಕೂಗೂದೇ ಕೇಳ್ಬೇಕು. ಇಲ್ಲೇ ಒಣಗ್ಸ್ತೆ." ಮರುದಿನ ಐವರು. ವಾರದಲ್ಲಿ ಅಂಗಳ ತುಂಬಿ ಬೇಲಿಯ ಮೇಲೂ ಮೀನು. ಸುಚಿತಾಳಿಗೆ ಹಿಗ್ಗು. ಲೇಖಕಿಯನ್ನು ಹುಡುಕಿಕೊಂಡು ಯುರೋಪಿನ ಪಂಡಿತರು ಅವಳು ಗಡೀಪಾರಾಗಿದ್ದ ದೂರದ ಸರೋವರದ ದಂಡೆಯ ಮನೆಗೇ ಹೋಗುತ್ತಿದ್ದ ಕತೆ ಹೇಳಿದಳು.

ಕಡೆಗೆ ಬಂದದ್ದು ಕಮಲಿ, ಬರಿಗೈಯಲ್ಲಿ. "ಅಲ್ವೆ ಹುಡ್ಗಿ, ಎಲ್ಲರೂ ಇಲ್ಲೇ ಕೂತ್ರೆ ಅಲ್ಲಿ ಯಾರು? ಹೊಯಿಗೆ ಖಾಲಿ. ನಾಳೆ ಗೂಟ ತರ್ತ್ರು."

ಸುಚಿತಾ ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದಳು. ಬೊಮ್ಮಯ್ಯನ ಜಗುಲಿಯಲ್ಲಿ ಇಟ್ಟು, "ತಪ್ಪಾತು," ಎಂದಳು. ಹೊತ್ತು ಮುಳುಗುವ ಮೊದಲು ಹೊಯಿಗೆಯ ಮೇಲೆ ಹದಿನಾಲ್ಕು ಬುಟ್ಟಿ ಶೆಟ್ಲಿ ಹರಡಿತ್ತು. ಆ ವರ್ಷ ಶೆಡ್ ಏಳಲಿಲ್ಲ.

"ಆ ಫ್ರೆಂಚ್ ಹೆಂಗ್ಸು ಕಾಯಿ ಇಟ್ಟಿತ್ತೇನೆ?" ಸುಕ್ರಿ ಕೇಳಿದಳು.

"ಇಲ್ಲ," ಎಂದಳು ಸುಚಿತಾ, ಕಾಗೆ ಓಡಿಸುತ್ತ. "ಅವ್ಳಿಗೆ ಶೆಟ್ಲಿ ಒಣಗ್ಸೂದಿರ್ಲಿಲ್ಲ."