ಬೆಳ್ಳಿ ರೂಪಾಯಿಯ ಮೇಲಿನ ಗೀರು

ಊಟಿಯ ನಾಣ್ಯದ ವ್ಯಾಪಾರಿ ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು, "ನೀವೇ ನೋಡಿ ಅಮ್ಮಾ" ಎಂದರು. ಗೀರುಗಳು ಚೆನ್ನಾಗಿ ಕಂಡಾಗ ಡಬ್ಬಿಯೊಳಗಿನ ಬೆಳ್ಳಿ ರೂಪಾಯಿಯ ಮೇಲಿನ ರಾಜನ ಮುಖ ಮಸುಕಾಯಿತು. ಮುಖ ಸ್ಪಷ್ಟವಾಗಿ ಕಾಣುವಷ್ಟು ಭೂತಗನ್ನಡಿಯನ್ನು ಇಳಿಸಿದೆ. ಮುಖದ ಮೇಲೆ ಒಂದು ಗೀರೂ ಇರಲಿಲ್ಲ.

ಅದು ನನ್ನ ಯಜಮಾನರ ರೂಪಾಯಿ. ಪರಿಣತರು ಪರೀಕ್ಷಿಸಿ, ದರ್ಜೆ ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಕಳಿಸಿದ್ದು. ಒಮ್ಮೆ ಬೀರು ಒರೆಸುವಾಗ ನಾನದನ್ನು ಬೀಗದ ಕೈಗಳ ಜೊತೆ ಇಟ್ಟಿದ್ದೆ. ಆಮೇಲೆ ಗೀರು ಕಂಡಾಗಿನಿಂದ ಅವರು ಬಂದ ನೆಂಟರಿಗೆಲ್ಲ ನನ್ನನ್ನು ತೋರಿಸಿ, "ನನ್ನ ಕಾಸು ಕೆಡಿಸಿದೋಳು ಇವಳೇ" ಎನ್ನುತ್ತಿದ್ದರು. ಮೂರು ತಿಂಗಳ ಹಿಂದೆ ಅದನ್ನೇ ನಂಬಿಕೊಂಡು ಹೋದರು.

"ಕಾಸಿಗೆ ಏನೂ ಆಗಿಲ್ಲಮ್ಮ, ಗೀಟೆಲ್ಲ ಡಬ್ಬಿ ಮೇಲಿದೆ" ಎಂದರು ವ್ಯಾಪಾರಿ. "ಬೀಗದ ಕೈ ತಾಗಿದ್ರೆ ಆಳವಾಗಿ ಒಂದೆರಡು ಇರ್ತಿತ್ತು. ಇದು ಸಣ್ಣಗೆ, ಸುತ್ತಸುತ್ತ ಇದೆ. ಯಾರೋ ದಿನಾ ಉಜ್ಜಿದಾರೆ."

ಯಾರೋ ಅಲ್ಲ. ಮಂಜಿನ ತೇವಕ್ಕೆ ಬೂಷ್ಟು ಹಿಡಿದೀತೆಂದು ಅವರೇ ದಿನಾ ಬೆಳಿಗ್ಗೆ ಉಣ್ಣೆ ಶಾಲಿನ ತುದಿಯಿಂದ ಉಜ್ಜುತ್ತಿದ್ದರು. ನನ್ನನ್ನು ಬೈಯುತ್ತಲೇ ಉಜ್ಜುತ್ತಿದ್ದರು.

"ಡಬ್ಬಿಗೆ ಪಾಲಿಶ್ ಹಾಕಿದ್ರೆ ಹೋಗುತ್ತೆ, ಹಾಕಿಕೊಡ್ಲಾ?"

"ಬೇಡಪ್ಪಾ" ಎಂದೆ.

ಮನೆಗೆ ಬಂದು ಡಬ್ಬಿಯನ್ನು ಅವರ ಫೋಟೋದ ಮುಂದಿಟ್ಟೆ. ಆ ಜಗಳದಲ್ಲಿ ನಾನೇ ಗೆದ್ದಿದ್ದೇನೆ, ಆದರೆ ಒಪ್ಪಿಕೊಳ್ಳಲು ಅವರಿಲ್ಲ. ಈಗ ಡಬ್ಬಿಯ ಮೇಲೆ ಧೂಳು ಕೂತರೆ ಊದುತ್ತೇನೆ, ಒರೆಸುವುದಿಲ್ಲ.