ಘೋಡಗೇರಿ ಬಾವಿಯ ಹಸಿರು ಬೆಳಕು

ನಾನು ಈಗ ಮೂಡಲಗಿಯ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಇಲ್ಲಿಯೂ ಒಂದು ಪ್ರಯೋಗಾಲಯವಿದೆ. ಪ್ರತಿ ವರ್ಷ ಅದೇ ಆಮ್ಲ, ಅದೇ ಪ್ರತ್ಯಾಮ್ಲ, ಕೊನೆಗೆ ಅದೇ ಗುಲಾಬಿ ಬಣ್ಣ. ಉತ್ತರ ಏನು ಬರಬೇಕೆಂದು ಮಕ್ಕಳಿಗೆ ಮೊದಲೇ ಗೊತ್ತು, ಬರದಿದ್ದರೆ ಬರುವಂತೆ ಬರೆದುಕೊಳ್ಳುತ್ತಾರೆ. ಉತ್ತರ ಗೊತ್ತಿರುವುದನ್ನು ಪ್ರಯೋಗ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಆದರೆ ಪಗಾರ ಬರುತ್ತದಲ್ಲ, ಹೊರಳಿಸುತ್ತೇನೆ.

ನನಗೆ ಬೇಕಾಗಿರುವುದು ಬೇರೆ. ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಲ್ಯಾಬಿನ ಮೂಲೆಯಲ್ಲಿ ಒಂದು ಕತ್ತಲೆ ಕೋಣೆ ಇತ್ತು. ಕಿಟಕಿಗೆ ಕಪ್ಪು ಅರಿವೆ, ಒಳಗೆ ಒಂದು ಯಂತ್ರ. ಒಂದು ಹನಿ ದ್ರವದ ಮೇಲೆ ಅದು ನೀಲಿ ಬೆಳಕು ಬಿಡುತ್ತಿತ್ತು. ದ್ರವ ತಿರುಗಿ ಯಾವ ಬಣ್ಣದ ಬೆಳಕು ಕೊಡುತ್ತದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಆ ಗೆರೆ ಮೆಲ್ಲಗೆ ಏಳುವುದನ್ನು ನೋಡುತ್ತ ಕೂತಾಗ ಹಸಿವು ಇರಲಿ, ಹೆಸರೂ ನೆನಪಿರುತ್ತಿರಲಿಲ್ಲ. ಆ ಕೋಣೆ ಬಿಟ್ಟು ಹತ್ತು ವರ್ಷವಾಯಿತು. ಇಂದಿಗೂ ಅದಕ್ಕಾಗಿ ನನ್ನ ಜೀವ ಹಂಬಲಿಸುತ್ತದೆ. ಗಂಡ ನಗುತ್ತಾನೆ, ನಗಲಿ.

ಆಗ ನನ್ನ ಸಂಶೋಧನೆ ಬಾವಿಗಳ ನೀರಿನ ಮೇಲೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಹನ್ನೆರಡು ಹಳೆಯ ಬಾವಿಗಳನ್ನು ಆರಿಸಿದ್ದೆ. ತಿಂಗಳಿಗೊಮ್ಮೆ ಐಸು ತುಂಬಿದ ಡಬ್ಬ ಹೊತ್ತು, ಬಸ್ಸು ಹತ್ತಿಳಿದು, ಮಮದಾಪುರದಿಂದ ಹತ್ತರಗಿವರೆಗೆ ತಿರುಗಿ ನೀರು ತರುತ್ತಿದ್ದೆ. ಲ್ಯಾಬಿನಲ್ಲಿ ಆ ನೀರನ್ನು ಸೋಸಿ, ಸೋಸುಕಾಗದದಲ್ಲಿ ಉಳಿದದ್ದನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಯಂತ್ರಕ್ಕೆ ಕೊಡುವುದು. ನೀರಿನಲ್ಲಿ ಯಾವ ಸೂಕ್ಷ್ಮಜೀವಿಗಳಿವೆ, ಅವು ಯಾವ ಬಣ್ಣದ ಕಣ ತಯಾರಿಸುತ್ತವೆ ಎಂದು ಹುಡುಕುವುದು.

ಏಳನೆಯದು ಘೋಡಗೇರಿಯಲ್ಲಿ ಒಂದು ಮನೆಯ ಹಿತ್ತಲಿನ ಬಾವಿ. ಆ ಮನೆಯ ಹಿರಿಯ ಹೆಣ್ಣುಮಗಳನ್ನು ನಾನು ಕಾಕು ಎನ್ನುತ್ತಿದ್ದೆ. ಐವತ್ತರ ಮೇಲಿನ ವಯಸ್ಸು, ಗಟ್ಟಿ ಧ್ವನಿ, ಮಾತಿಗೆ ಮೊದಲು ಕೈ ಹಿಡಿದು ಕೂಡಿಸುವ ರೂಢಿ. ಮನೆಯ ತುಂಬ ಜನ. ಮನೆಗೆ ನಲ್ಲಿ ಬಂದಿತ್ತು, ಹೊಲಕ್ಕೆ ಬೋರು. "ಆ ಬಾವೀ ನೀರಾಗ ಬ್ಯಾಳಿ ಬೇಯೂದಿಲ್ಲ" ಎಂದು ಸೊಸೆ ಮುಖ ಸಿಂಡರಿಸುತ್ತಿದ್ದಳು. ಬಾವಿಯ ನೀರು ಕುಡಿಯುವವಳು ಕಾಕು ಒಬ್ಬಳೇ. ಅಂಥದರಲ್ಲಿ ನಾನು ಬಂದು ಅದೇ ನೀರನ್ನು ಬಾಟಲಿಗೆ ತುಂಬಿಸಿ, ಚೀಟಿ ಅಂಟಿಸಿ ಒಯ್ಯುತ್ತಿದ್ದೆ. ಕಾಕು ಸೊಸೆಗೆ ಕೇಳುವಂತೆ ಹೇಳುತ್ತಿದ್ದಳು: "ನೋಡ, ಬರ್ಫದಾಗ ಇಟ್ಟ ಒಯ್ತಾರ ನನ್ನ ಬಾವಿ ನೀರ."

ಮೊದಲ ದಿನವೇ ನಾನು ಹಗ್ಗಕ್ಕೆ ಕೈ ಹಾಕಿದ್ದೆ. ಕಾಕು ಬಾಟಲಿ ಕಸಿದುಕೊಂಡಳು.

"ಮನಿಗೆ ಬಂದ ಹೆಣ್ಮಗಳ ಕಡಿಂದ ನೀರ ಸೇದಿಸಿದ್ರ ಮಂದಿ ಏನಂದಾರು? ಇಲ್ಲಿ ಕೊಡ."

"ಇಲ್ರಿ ಕಾಕು, ನಾನಽ ಸೇದಬೇಕ್ರಿ. ಅದು ನಮ್ಮ ನೇಮ ಐತಿ."

"ನಿಮ್ಮ ನೇಮ ನಿಮ್ಮ ಸಾಲ್ಯಾಗ ಇರ್ಲಿ. ಚಾ ಆರಾಕತ್ತೇತಿ, ಕುಂದ್ರ."

ಕೂತೆ. ಬೆಳಿಗ್ಗೆಯಿಂದ ಮೂರು ಬಸ್ಸು ಬದಲಿಸಿದ ಕಾಲುಗಳು ನೇಮ ಕೇಳುತ್ತವೆಯೇ? ಕಾಕು ಹಿತ್ತಲಿಗೆ ಹೋಗಿ ಬಾಟಲಿ ತುಂಬಿ ತಂದಳು. ನಾನು ಒಳಗೆ ಚಹಾ ಕುಡಿಯುತ್ತ, ಲ್ಯಾಬಿನ ನೋಟುಪುಸ್ತಕದಲ್ಲಿ "ಸಂಗ್ರಹಿಸಿದವರು" ಎಂಬ ಕಾಲಂನ ಮುಂದೆ "ಸ್ವತಃ" ಎಂದು ಬರೆದೆ. ಮುಂದಿನ ತಿಂಗಳೂ ಬರೆದೆ. ಅದು ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ, ಅಷ್ಟು ಸಣ್ಣ ಶಬ್ದ ಅದು.

ಎರಡನೆಯ ತಿಂಗಳು ಏಳನೇ ಬಾವಿಯ ಗೆರೆ ಎದ್ದಿತು. ಉಳಿದ ಹನ್ನೊಂದು ಬಾವಿಗಳಲ್ಲಿ ಏನೂ ಇಲ್ಲ. ಇದರಲ್ಲಿ ಮಾತ್ರ ಹಸಿರು ಬೆಳಕಿನ ಜಾಗದಲ್ಲಿ ಒಂದು ಚೂಪಾದ ಗುಡ್ಡ. ಪರೀಕ್ಷಿಸದೆ ಎತ್ತಿಟ್ಟಿದ್ದ ಮೊದಲ ತಿಂಗಳ ನೀರನ್ನೂ ತೆಗೆದು ನೋಡಿದೆ, ಅದರಲ್ಲಿಯೂ ಇತ್ತು. ನನ್ನ ಗೈಡು ಮಿತಭಾಷಿ ಮನುಷ್ಯ, ವರ್ಷಕ್ಕೊಮ್ಮೆ ಹೊಗಳಿದರೆ ಹೆಚ್ಚು. ಅವರು ಪರದೆಯ ಮುಂದೆ ಬಹಳ ಹೊತ್ತು ನಿಂತರು.

"ಇದು ಖರೆ ಆದ್ರ ಹೊಸ ಪ್ರಾಜೆಕ್ಟ್ ಸಿಗತೈತಿ. ಮತ್ತ ಮೂರು ವರ್ಷ ನೀ ಇಲ್ಲೇ ಇರ್ತಿ. ಇನ್ನೆರಡ ಸಲ ನೀರ ತಗೊಂಡ ಬಾ. ಆಮ್ಯಾಲ ಬರಿಯೋಣು."

ನನ್ನ ಫೆಲೋಶಿಪ್ಪು ಆ ವರ್ಷಕ್ಕೆ ಮುಗಿಯುತ್ತಿತ್ತು. ಮನೆಯಲ್ಲಿ ಗಂಡು ನೋಡುತ್ತಿದ್ದರು. ಮತ್ತೆ ಮೂರು ವರ್ಷ ಆ ಕತ್ತಲೆ ಕೋಣೆ ನನ್ನದು ಎಂದರೆ ನನಗೆ ಬೇರೆ ಯಾವ ಭಾಗ್ಯವೂ ಬೇಡವಾಗಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ, ಇನ್ನೂ ಕಾಣದ ಆ ಸೂಕ್ಷ್ಮಜೀವಿಗೆ ಘೋಡಗೇರಿಯ ಹೆಸರನ್ನೇ ಇಡಬೇಕೆಂದು ನಿರ್ಧರಿಸಿಬಿಟ್ಟೆ. ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಅಷ್ಟು ಸುಖದ ದಿನಗಳು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ, ಮದುವೆಯ ದಿನಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೂರನೆಯ ತಿಂಗಳೂ ಗುಡ್ಡ ಎದ್ದಿತು. ನಾಲ್ಕನೆಯ ಸಲ ಹೋದಾಗ ಬಾಟಲಿಗೆ ಚೀಟಿ ಅಂಟಿಸುವುದನ್ನು ಮರೆತು ಕಾಕುವಿನ ಕೈಗೆ ಕೊಟ್ಟಿದ್ದೆ. ಚಹಾದ ಬಟ್ಟಲು ಕೆಳಗಿಟ್ಟು, ಚೀಟಿ ಹಿಡಿದು ಹಿತ್ತಲಿಗೆ ಹೋದೆ.

ಕಾಕು ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಬಾಜೂಕ್ಕೆ ಅರಿಶಿನ ಕುಂಕುಮದ ಬಟ್ಟಲು. ಅರಿಶಿನದಲ್ಲಿ ಬೆರಳಿನ ತುದಿ ಅದ್ದಿ, ನನ್ನ ಬಾಟಲಿಯ ಕಂಠದೊಳಗೆ ಒಂದು ಸುತ್ತು ತಿರುಗಿಸಿದಳು. ಆಮೇಲೆ ಕೊಡದಿಂದ ನೀರು ಬಗ್ಗಿಸಿದಳು. ಮುಚ್ಚಳ ಹಾಕಿ, ಬಾಟಲಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಕಣ್ಣಿಗೆ ಕಾಣುವಷ್ಟು ಅರಿಶಿನವಲ್ಲ ಅದು. ಆದರೆ ನಮ್ಮ ಯಂತ್ರಕ್ಕೆ ಕಾಣುತ್ತದೆ. ನೀಲಿ ಬೆಳಕು ಬಿದ್ದರೆ ಅರಿಶಿನ ಹಸಿರಾಗಿ ಹೊಳೆಯುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು.

"ಕಾಕು, ಇದೇನ ಮಾಡಾಕತ್ತೀರಿ?"

"ಗಂಗವ್ವನ್ನ ಬರೇ ಹಣೀಲೆ ಕಳಸ್ತಾರೇನ? ಮನಿ ಬಿಟ್ಟ ಹೊಂಟಾಳ. ಪ್ರತಿ ಸಲ ಹಚ್ಚತೀನಿ ನಾ. ನಿನ್ನ ಕೆಲಸ ಹಣ್ಣಾಗ್ಲಿ ಅಂತ ಬೇಡಕೊಂಡ ಹಚ್ಚತೀನಿ."

ನಾನು ಸಿಟ್ಟಿನವಳು. ಕಂಡಕ್ಟರ್ ಚಿಲ್ಲರೆ ಇಲ್ಲವೆಂದರೂ ಜಗಳಕ್ಕೆ ನಿಲ್ಲುವವಳು. ಆ ದಿನ ಕೈಯಲ್ಲಿದ್ದ ಚೀಟಿಯನ್ನು ಬಾಟಲಿಗೆ ಅಂಟಿಸಿದೆ. ಬಾಟಲಿ ತೆಗೆದುಕೊಂಡು, ಕಾಕುವಿನ ಕಾಲು ಮುಟ್ಟಿ ಬಂದೆ.

ಹತ್ತರಗಿಯಿಂದ ಬಸ್ಸು ಹಿಡಿದಾಗ ತಲೆಯಲ್ಲಿ ಒಂದೇ ಲೆಕ್ಕ ನಡೆದಿತ್ತು. ಇದು ನನಗೆ ಮತ್ತು ಕಾಕುವಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಮೂರು ವರ್ಷ ಸಿಗುತ್ತದೆ. ಸುಮ್ಮನಿರಬೇಕೆಂದು ನನಗೆ ಎಷ್ಟು ಆಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಲ್ಯಾಬಿಗೆ ಹೋದವಳು ಕಿರಾಣಿ ಅಂಗಡಿಯ ಅರಿಶಿನವನ್ನು ಒಂದು ಕಾಳಿನಷ್ಟು ಆಲ್ಕೋಹಾಲಿನಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟೆ. ಹೊಸ ಗೆರೆ ಹಳೆಯ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಆ ಕೋಣೆಯಲ್ಲಿ ಕೂತು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಗೈಡಿಗೆ ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ನೋಟುಪುಸ್ತಕ ತರಿಸಿ, ಪುಟ ತಿರುವಿ, "ಸ್ವತಃ" ಎಂಬಲ್ಲಿ ಬೆರಳಿಟ್ಟರು.

"ಅರಿಶಿಣದ್ದೇನ ತಪ್ಪಿಲ್ಲ. ತಪ್ಪು ಇದು."

ಪ್ರಾಜೆಕ್ಟ್ ಬರಲಿಲ್ಲ. ನನ್ನ ಪ್ರಬಂಧ ಹನ್ನೊಂದು ಬಾವಿಗಳ ಮೇಲೆ ಮುಗಿಯಿತು. ಅದನ್ನು ಯಾರೂ ಓದಿಲ್ಲ, ಓದುವಂಥದ್ದು ಅದರಲ್ಲಿ ಏನೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನ್ನದು.

ಪದವಿ ಬಂದ ಮೇಲೆ ಒಂದು ಡಬ್ಬಿ ಕರದಂಟು ಹಿಡಿದು ಘೋಡಗೇರಿಗೆ ಹೋದೆ. ನಿಜ ಹೇಳಬೇಕೆಂದೇ ಹೋಗಿದ್ದೆ. ಕಾಕು ಬಾಗಿಲಲ್ಲೇ ಕೇಳಿದಳು.

"ಕೆಲಸ ಹಣ್ಣಾತೇನವಾ?"

ಆ ಮುಖ ನೋಡಿ ಹೇಗೆ ಹೇಳಲಿ, ನಿನ್ನ ಹರಕೆಯೇ ನನ್ನನ್ನು ಹೊರಗೆ ಹಾಕಿತು ಎಂದು?

"ಆತ್ರಿ ಕಾಕು. ನಿಮ್ಮ ಬಾವಿ ನೀರಿನಿಂದಽ ಆತು."

ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಕರದಂಟಿನ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ಸೆರಗಿಗೆ ಕೈ ಒರಸಿಕೊಂಡಳು.

"ಹಂಗಾರ ಇನ್ನ ನಮ್ಮ ನೀರ ಬ್ಯಾಡ ನಿನಗ."

"ನೀರ ಬ್ಯಾಡಾದ್ರೂ ಬರ್ತೀನ್ರಿ ಕಾಕು."

"ಬಾ" ಎಂದಳು.

ಹೋಗಲಿಲ್ಲ. ಮದುವೆ, ನೌಕರಿ, ಮಗು, ಪರೀಕ್ಷೆ ಪೇಪರುಗಳು. ಮೂಡಲಗಿಯಿಂದ ಘೋಡಗೇರಿ ಏನು ಕಾಶಿಯಲ್ಲ, ಗೋಕಾಕದಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು. ಆದರೂ ಹೋಗಲಿಲ್ಲ. ಹತ್ತು ವರ್ಷ ಕತ್ತಲೆ ಕೋಣೆಯನ್ನೇ ನೆನೆದು ಅತ್ತೆ. ಅದರ ಬಾಗಿಲು ನನಗೆ ಇನ್ನು ತೆರೆಯುವುದಿಲ್ಲ. ತೆರೆದೇ ಇದ್ದ ಬಾಗಿಲಿನ ಕಡೆಗೆ ನಾನು ತಿರುಗಿಯೂ ನೋಡಲಿಲ್ಲ.

ಈ ವರ್ಷ ನಮ್ಮ ಕಾಲೇಜಿಗೆ ಗಣಿತ ಕಲಿಸಲು ಹೊಸ ಮೇಡಂ ಬಂದಿದ್ದಾರೆ. ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದು ಅವರು ಘೋಡಗೇರಿಯ ಸೊಸೆ ಎಂದು ತಿಳಿಯಿತು. ಬಾವಿಯ ಮನೆಯ ಗುರುತು ಹೇಳಿ ಕೇಳಿದೆ.

"ಗೊತ್ರಿ ಮೇಡಂ, ನಮ್ಮ ಓಣ್ಯಾಗಽ ಐತಿ ಆ ಮನಿ. ಬಾವಿ ಮೊನ್ನೆ ಬ್ಯಾಸಗ್ಯಾಗ ಮುಚ್ಚಿದ್ರು, ದನದ ಕೊಟಗಿ ಕಟ್ಟಾಕತ್ತಾರ. ಕಾಕು ಆರಾಮ ಅದಾರ. ಆದ್ರ ಮುಚ್ಚೂ ದಿನ ಒಂದ ಬಾಟ್ಲಿ ನೀರ ತುಂಬಿ ತಗದಿಟ್ಟಾರ್ರಿ. ಫ್ರಿಜ್‌ನ್ಯಾಗ ಬರ್ಫದ ಖಾನೇದಾಗ. ಸೊಸಿಗೆ ಮುಟ್ಟಾಕ ಬಿಡೂದಿಲ್ಲ. ಒಯ್ಯಾಕ ಒಬ್ಬಾಕಿ ಬರ್ತಾಳ ಅಂತಾರ್ರಿ."

ನಾನು ಅರ್ಧ ಉಂಡ ಡಬ್ಬಿ ಮುಚ್ಚಿದೆ. ಮಧ್ಯಾಹ್ನ ಎರಡು ಕ್ಲಾಸು ಇದ್ದವು. ಪ್ರಿನ್ಸಿಪಾಲರ ಮೇಜಿನ ಮೇಲೆ ರಜೆ ಚೀಟಿ ಇಟ್ಟು, ಗೋಕಾಕದ ಬಸ್ಸು ಹತ್ತಿದೆ.