ಸ್ವೆಟರ್ ಹಾಕಿಕೊಂಡು ಕೇಳಿದ ಗುಡುಗು

ಸ್ವೆಟರ್ ಹಾಕಿಕೊಂಡು ಗುಡುಗು ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ನಮ್ಮ ಅರಸೀಕೆರೆಯಲ್ಲಿ ಯುಗಾದಿ ಕಳೆದ ಮೇಲೆ ಬರುವ ಗುಡುಗಿಗೆ ಒಂದು ಕ್ರಮವಿದೆ. ಮಧ್ಯಾಹ್ನವೆಲ್ಲ ನೆಲ ಕಾಯಬೇಕು, ಸಂಜೆಗೆ ಗಾಳಿ ನಿಲ್ಲಬೇಕು, ಮೋಡ ಕಪ್ಪಾಗಬೇಕು. ಮಾಳಿಗೆಯ ಮೇಲೆ ಹರವಿದ ಸಂಡಿಗೆಯನ್ನು ಒಳಗೆ ತರಲು ಸಮಯ ಕೊಟ್ಟೇ ಗುಡುಗುತ್ತದೆ. ಇಲ್ಲಿ, ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ, ಬೆರಳು ಮರಗಟ್ಟುವ ಚಳಿಯಲ್ಲಿ, ನೆತ್ತಿಯ ಮೇಲೇ ಗುಡುಗಿತು.

ಸೂಚನೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಿನ ಸಂಜೆಯೇ ಟಿ.ವಿ.ಯಲ್ಲಿ ಹೇಳಿದ್ದರು. ನಾನು ದಿನವೂ ಆರಕ್ಕೆ ಸರಿಯಾಗಿ ಹವಾಮಾನ ನೋಡುತ್ತೇನೆ. ನಕ್ಷೆಯ ಮೇಲೆ ಹಲ್ಲುಹಲ್ಲಾದ ಒಂದು ನೀಲಿ ಗೆರೆ ಸಮುದ್ರದಿಂದ ನಮ್ಮ ಕಡೆಗೆ ಸರಿಯುತ್ತಿತ್ತು. ಅದಕ್ಕೆ ಕೋಲ್ಡ್ ಫ್ರಂಟ್ ಎನ್ನುತ್ತಾರೆ. ಉತ್ತರದ ತಣ್ಣನೆಯ ಗಾಳಿ ಸೈನ್ಯದ ಹಾಗೆ ಸಾಲು ಕಟ್ಟಿ ಬಂದು ಇಲ್ಲಿಯ ಬೆಚ್ಚನೆಯ ಗಾಳಿಯನ್ನು ಎತ್ತಿ ಒಗೆಯುತ್ತದಂತೆ. ಗುಡುಗು, ಮಿಂಚು, ಆಲಿಕಲ್ಲು ಇರಬಹುದು ಎಂದು ಹವಾಮಾನ ಹೇಳುವಾತ ನಗುನಗುತ್ತ ಹೇಳಿದ. ಸಿಡಿಲಿನ ಸುದ್ದಿಯನ್ನು ನಗುತ್ತ ಹೇಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನ್ನ ತಂಗಿ ಶಾರದೆಯೂ ನಕ್ಕಳು. "ಅಕ್ಕ, ಇಲ್ಲಿ ಗುಡುಗಿದ್ರೆ ಜನ ಕಿಟಕಿ ಹತ್ರ ಓಡ್ತಾರೆ, ನೋಡೋಕೆ."

ಶಾರದೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಗಂಡ ತೀರಿಕೊಂಡ ಮೇಲೆ, ಮಗಳು ಸ್ಮಿತಾ ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರಿರಬೇಕೆಂದು ನನ್ನನ್ನು ಕರೆಸಿಕೊಂಡಳು. ಸ್ಮಿತಾಗೆ ಹತ್ತು ವರ್ಷ. ನಾನು ಮದುವೆಯಾದವಳಲ್ಲ, ನಿವೃತ್ತಳಾಗಿದ್ದೆ, ಬಂದೆ. ಆ ದಿನಕ್ಕೆ ಏಳು ತಿಂಗಳಾಗಿತ್ತು. ಕತ್ತಲಲ್ಲೇ ಏಳುವುದು, ಐದೂವರೆಗೆ ಸ್ನಾನ, ಮಗುವಿನ ಡಬ್ಬಿ, ಮೂರಕ್ಕೆ ಬಾಗಿಲಲ್ಲಿ ನಿಲ್ಲುವುದು. ಈ ಕ್ರಮವೊಂದನ್ನು ಬಿಟ್ಟರೆ ಇಲ್ಲಿ ನನ್ನದೆನ್ನುವುದು ಏನೂ ಇರಲಿಲ್ಲ. ಒಂದು ಸಲ ಗ್ರೋಸರಿ ಅಂಗಡಿಯ ಹೆಂಗಸು, ನೀವು ಟೆಲಿಫೋನ್ ಆಪರೇಟರ್ ಹಾಗೆ ಮಾತಾಡುತ್ತೀರಿ ಎಂದಳು. ಆ ಒಂದು ವಾರ ನಾನು ತಲೆಯೆತ್ತಿ ನಡೆದೆ.

ಏಕೆಂದರೆ ನಾನು ಆಪರೇಟರೇ. ಅರಸೀಕೆರೆ ಎಕ್ಸ್‌ಚೇಂಜಿನಲ್ಲಿ ಇಡೀ ಸರ್ವಿಸ್ ಮುಗಿಸಿ, ಮೇಲ್ವಿಚಾರಕಿಯಾಗಿ ಹೊರಬಂದವಳು. ನಮ್ಮಲ್ಲಿ ಒಂದು ನಿಯಮವಿತ್ತು. ಗುಡುಗು ಹತ್ತಿರವಾದರೆ ಮೇಲ್ವಿಚಾರಕಿ ಹೇಳಬೇಕು, ಎಲ್ಲರೂ ಹೆಡ್‌ಫೋನ್ ತೆಗೆದಿಡಬೇಕು. ಒಂದು ಸಂಜೆ ಕರೆಗಳು ತುಂಬ ಬಾಕಿಯಿದ್ದವು. ಇನ್ನೊಂದು ನಿಮಿಷ ಎಂದುಕೊಂಡೆ. ಊರಾಚೆ ಎಲ್ಲೋ ತಂತಿಗೆ ಸಿಡಿಲು ಬಡಿಯಿತು. ನನ್ನ ಎಡಗಡೆ ಕೂತಿದ್ದ ಲೀಲಾ ಕಿರುಚಲೂ ಇಲ್ಲ, ಕಿವಿ ಹಿಡಿದುಕೊಂಡು ಬಗ್ಗಿದಳು. ಅವಳ ಬಲಗಿವಿ ಮತ್ತೆ ಕೇಳಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಆ ಒಂದು ನಿಮಿಷ ಮಾತ್ರ ನನ್ನ ಬಳಿಯೇ ಉಳಿಯಿತು.

ಹಾಗಾಗಿ ಇಲ್ಲಿ ಮೊದಲ ಗುಡುಗಿಗೇ ಎದ್ದೆ. ಇವರ ಮನೆಗಳು ಮರದ ಹಲಗೆಯವು, ಗೋಡೆ ತಟ್ಟಿದರೆ ಡಬ್ಬದ ಸದ್ದು. ಟಿ.ವಿ., ಮೈಕ್ರೋವೇವ್, ಕಂಪ್ಯೂಟರು, ಎಲ್ಲದರ ಪ್ಲಗ್ಗು ಕಿತ್ತೆ. ಕೊನೆಗೆ ಫೋನಿನ ತಂತಿಯನ್ನೂ ಗೋಡೆಯಿಂದ ತೆಗೆದು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಮೇಲಿಟ್ಟೆ. ಕೊನೆಯ ಗುಡುಗಿನಿಂದ ಅರ್ಧ ಗಂಟೆಯವರೆಗೆ ಮುಟ್ಟಬಾರದು. ಇದೂ ನಮ್ಮ ನಿಯಮವೇ. ಗಡಿಯಾರ ನೋಡಿಕೊಂಡು ಕುರ್ಚಿಯಲ್ಲಿ ಕೂತೆ.

ಮೂರಾಯಿತು. ಬಾಗಿಲಲ್ಲಿ ನಿಂತೆ. ಸ್ಮಿತಾ ಬರಲಿಲ್ಲ.

ಶಾಲೆಯಿಂದ ಮನೆಗೆ ಹತ್ತು ನಿಮಿಷದ ನಡಿಗೆ. ದಾರಿಯುದ್ದಕ್ಕೂ ನೀಲಗಿರಿ ಮರಗಳು. ಬಂದ ಹೊಸದರಲ್ಲಿ ಅವನ್ನು ಕಂಡು ಊರಿನವರನ್ನು ಕಂಡಷ್ಟು ಸಂತೋಷಪಟ್ಟಿದ್ದೆ. ಈಗ ಅವುಗಳ ಎತ್ತರವೊಂದೇ ಕಣ್ಣ ಮುಂದೆ ಬಂತು. ಆಲಿಕಲ್ಲು ಹುಲ್ಲನ್ನು ಬೆಳ್ಳಗೆ ಮಾಡಿತು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆ. ಆರು. ಆಮೇಲೆ ನಾಲ್ಕು. ಅಜ್ಜಿ ಕಲಿಸಿದಂತೆ ಅರ್ಜುನನ ಹತ್ತು ಹೆಸರು ಹೇಳಲು ಹೋದರೆ ಐದಕ್ಕೆ ನಾಲಗೆ ತಡವರಿಸಿತು. ಗುಡುಗು ಮತ್ತೆ ಮತ್ತೆ ಬರುತ್ತಿತ್ತು, ನನ್ನ ಅರ್ಧ ಗಂಟೆ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತಿತ್ತು.

ಮೂರೂವರೆಗೆ ನನಗೆ ನಾನೇ ಧೈರ್ಯ ಹೇಳಿಕೊಂಡೆ. ಏನಾದರೂ ಆಗಿದ್ದರೆ ಫೋನು ಬರುತ್ತಿತ್ತು. ಬಂದಿಲ್ಲ, ಅಂದರೆ ಏನೂ ಆಗಿಲ್ಲ.

ಹಾಗೆಂದುಕೊಂಡು ಮೇಜಿನತ್ತ ನೋಡಿದೆ. ರಬ್ಬರ್ ಬ್ಯಾಂಡ್ ಹಾಕಿದ ತಂತಿ ಅಲ್ಲಿತ್ತು.

ತಂತಿ ಕಿತ್ತ ಫೋನಿಗೆ ಕರೆ ಮಾಡಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರೆ ಮಾಡಿದವರ ಕಿವಿಯಲ್ಲಿ ಗಂಟೆ ಹೊಡೆಯುತ್ತಲೇ ಇರುತ್ತದೆ, ಮನೆಯಲ್ಲಿ ಸದ್ದಿಲ್ಲ. "ನೋ ರಿಪ್ಲೈ" ಎಂದು ಸಾವಿರಾರು ಜನಕ್ಕೆ ಹೇಳಿದ್ದೇನೆ. ಹೇಳಿ ಮುಂದಿನ ಕರೆಗೆ ಹೋಗಿದ್ದೇನೆ.

ತಂತಿ ಕೈಗೆತ್ತಿಕೊಂಡಾಗ ಮತ್ತೆ ಮಿಂಚಿತು. ಲೀಲಾ ಬಗ್ಗಿದ್ದು ಕಂಡಿತು. ಗೋಡೆಯ ಆ ಸಣ್ಣ ತೂತಿಗೆ ತಂತಿ ಸಿಗಿಸಲು ಮೂರು ಸಲ ಬೇಕಾಯಿತು. ಸಿಗಿಸಿ ಕೈ ತೆಗೆಯುವ ಮೊದಲೇ ಫೋನು ರಿಂಗಾಯಿತು.

ಶಾಲೆಯ ಆಫೀಸಿನವರು. ಮಿಂಚಿರುವಾಗ ಮಕ್ಕಳನ್ನು ನಡೆದುಹೋಗಲು ಬಿಡುವುದಿಲ್ಲ, ಮನೆಯವರೇ ಬರಬೇಕು, ಬಹಳ ಹೊತ್ತಿನಿಂದ ಫೋನ್ ಮಾಡುತ್ತಿದ್ದೇವೆ, ತಾಯಿ ಲ್ಯಾಬಿನಿಂದ ಹೊರಟಿದ್ದಾರೆ, ಆದರೆ ಮಳೆಗೆ ಫ್ರೀವೇಯಲ್ಲಿ ಕಾರುಗಳೆಲ್ಲ ನಿಂತುಹೋಗಿವೆಯಂತೆ, ಎಂದರು. ಬಂದೆ ಎಂದೆ. ಕೊಡೆಯ ಕಡ್ಡಿ ಕಬ್ಬಿಣದ್ದೆಂದು ಅದನ್ನು ಅಲ್ಲೇ ಬಿಟ್ಟು, ತಲೆಗೆ ಸೆರಗು ಹೊದ್ದು, ಮರಗಳ ಬುಡ ತಪ್ಪಿಸಿ ರಸ್ತೆಯ ನಡುವೆಯೇ ನಡೆದೆ. ಒಂದು ಕಾರು ಹಾರ್ನ್ ಹೊಡೆಯಿತು. ಹೊಡೆಯಲಿ ಎಂದುಕೊಂಡೆ.

ಉಳಿದ ಮಕ್ಕಳೆಲ್ಲ ಹೋಗಿದ್ದರು. ಸ್ಮಿತಾ ಆಫೀಸಿನ ಕುರ್ಚಿಯಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಅತ್ತಿರಲಿಲ್ಲ. ನನ್ನ ಒದ್ದೆ ಸೀರೆಯನ್ನೊಮ್ಮೆ ನೋಡಿದಳು.

"ದೊಡ್ಡಮ್ಮ ಆಲ್ವೇಸ್ ಎತ್ತುತ್ತಾರೆ ಅಂತ ನಾನು ಹೇಳಿದೆ. ದೇ ಸೆಡ್ ನೋ ಆನ್ಸರ್." ಬ್ಯಾಗು ಹೆಗಲಿಗೇರಿಸುತ್ತ ಹೇಳಿದಳು, "ಅಪ್ಪಂಗೆ ಆದ ಹಾಗೆ ನಿಂಗೂ ಆಯ್ತು ಅನ್ಕೊಂಡೆ."

ಅವಳಪ್ಪ ತೀರಿಕೊಂಡ ದಿನವೂ ಮನೆಯಲ್ಲಿ ಫೋನು ರಿಂಗಾಗುತ್ತಲೇ ಇತ್ತಂತೆ, ಎತ್ತುವವರಿರಲಿಲ್ಲವಂತೆ. ಅದು ನನಗೆ ಗೊತ್ತಿರಲಿಲ್ಲ. ಶಾರದೆ ಸಂಜೆ ಹೇಳಿದಳು. ಐದೂವರೆಗೆ ಮನೆ ಸೇರಿದವಳು ಬೂಟ್ಸನ್ನೂ ಕಳಚದೆ ಕೂತಳು. ಬೈದರೆ ಸಾಕೆಂದು ನಾನು ಕಾಯುತ್ತಿದ್ದೆ. ಲೀಲಾಳ ವಿಷಯ ಅವಳಿಗೂ ಗೊತ್ತಿತ್ತು.

"ಅಕ್ಕ, ಇಲ್ಲಿ ಗುಡುಗೋದು ವರ್ಷಕ್ಕೆ ಎರಡು ಸಲ. ನೀನು ಇರೋದು ದಿನಾ. ಆ ವೈರೊಂದು ಕೀಳಬೇಡ."

ಕೀಳುವುದಿಲ್ಲ ಎಂದೆ.

ಕೆಲವು ದಿನಗಳ ಮೇಲೆ ಇನ್ನೊಂದು ಗುಡುಗು ಬಂತು. ನಮ್ಮೂರಲ್ಲಿ ಭರಣಿ ಮಳೆ ಬೀಳುವ ಕಾಲ ಅದು. ಟಿ.ವಿ., ಕಂಪ್ಯೂಟರು ಎಲ್ಲ ಕಿತ್ತೆ. ಫೋನು ಬಿಟ್ಟೆ. ಅದರ ಪಕ್ಕದಲ್ಲೇ ಕೂತೆ. ರಿಂಗಾಯಿತು. ಸ್ಮಿತಾ, ಶಾಲೆಯಿಂದ. "ದೊಡ್ಡಮ್ಮ?" ಎಂದಳು. ಇದ್ದೇನೆ ಎಂದೆ. ರಿಸೀವರನ್ನು ಮಾತ್ರ, ಅರಸೀಕೆರೆಯ ನಿಯಮ ಮರೆಯದೆ, ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದೆ. ಅಷ್ಟು ದೂರದಿಂದಲೂ ಅವಳ ದನಿ ಕೇಳಿಸುತ್ತಿತ್ತು.